ಫೌಂಟನ್ ನೀರಿನ ಹದ: ಆಫ್‌ಸೆಟ್ ಮುದ್ರಕರಿಗೆ ಹಂತ ಹಂತದ ಮಾರ್ಗದರ್ಶಿ

ಮದುವೆ ಸೀಸನ್. ಏಪ್ರಿಲ್ ತಿಂಗಳ ರಾತ್ರಿ ಪಾಳಿ. ಬೆಂಗಳೂರಿನ ಒಂದು ಪ್ರೆಸ್ಸಿನಲ್ಲಿ ಎರಡು ಬಣ್ಣದ ಯಂತ್ರದ ಮೇಲೆ ಲಗ್ನಪತ್ರಿಕೆ ಓಡಿಸುತ್ತಿದ್ದೆ. ಸಾವಿರ ಶೀಟು ದಾಟುವಷ್ಟರಲ್ಲಿ ಶೀಟಿನ ಬಾಲದಂಚಿನಲ್ಲಿ, ಏನೂ ಇರಬಾರದ ಬಿಳಿ ಜಾಗದಲ್ಲಿ, ಕೆಂಪು ಮಬ್ಬು ಕಾಣಿಸಿಕೊಂಡಿತು. ಮುದ್ರಣದ ಪ್ಲೇಟನ್ನು ಒದ್ದೆಯಾಗಿಡುವ ಫೌಂಟನ್ ನೀರಿನ ಟ್ರೇಗೆ ಒಂದು ಮುಚ್ಚಳ ಕಾನ್ಸಂಟ್ರೇಟ್, ಅಂದರೆ ಆ ನೀರಿಗೆ ಬೆರೆಸುವ ರಾಸಾಯನಿಕ, ಸುರಿದೆ. ಸ್ವಲ್ಪ ಕಡಿಮೆಯಾಯಿತು. ಮತ್ತೆ ಬಂತು, ಮತ್ತೊಂದು ಮುಚ್ಚಳ. ಟ್ಯೂಬ್‌ಲೈಟ್ ಬೆಳಕಿನಲ್ಲಿ ನೀರಿನ ಹುಳಿ ತೋರಿಸುವ ಪಿಎಚ್ ಪಟ್ಟಿ ಅದ್ದಿ ನೋಡಿದರೆ ಐದರ ಬಣ್ಣ. ಸರಿಯಾಗಿದೆ ಅಂದುಕೊಂಡು ಬೆಳಗಿನ ಜಾವದವರೆಗೆ ಹಾಗೇ ಮುಗಿಸಿದೆ.

ಮರುದಿನ ಸಂಜೆಯಾದರೂ ಕಾರ್ಡಿನ ಮೇಲೆ ಹೆಬ್ಬೆರಳು ಎಳೆದರೆ ಶಾಯಿ ಬರುತ್ತಿತ್ತು. ಅಟ್ಟಿಯ ಕೆಳಗಿನ ಕಾರ್ಡುಗಳ ಬೆನ್ನಿಗೆಲ್ಲ ಮೇಲಿನ ಗಣಪತಿಯ ಅಚ್ಚು ಹತ್ತಿತ್ತು. ಇಡೀ ಕೆಲಸವನ್ನು ಮತ್ತೆ ಮುದ್ರಿಸಿಕೊಡಬೇಕಾಯಿತು. ಕೆಮಿಕಲ್ ಪೂರೈಸುವವರ ಕಡೆಯಿಂದ ಬಂದ ತಂತ್ರಜ್ಞರು ಟ್ರೇಯಲ್ಲಿ ಮೀಟರ್ ಅದ್ದಿದಾಗ ಕಂಡಕ್ಟಿವಿಟಿ, ಅಂದರೆ ಕರಗಿದ ಲವಣ ಹೆಚ್ಚಿದಷ್ಟೂ ಏರುವ ವಿದ್ಯುತ್ ವಾಹಕತೆ, 3000 ಮೈಕ್ರೋಸೀಮೆನ್ಸ್ ದಾಟಿತ್ತು. ಅವರು ಕೇಳಿದ್ದು ಒಂದೇ ಪ್ರಶ್ನೆ: “ಅಣ್ಣಾ, ನಿನ್ನೆ ನೀರು ಯಾವುದು?” ಕಾವೇರಿ ನೀರು ಬಾರದ ದಿನ ಅದು. ನೆಲದಡಿಯ ಸಂಪ್ ತೊಟ್ಟಿಗೆ ಟ್ಯಾಂಕರಿನ ಬೋರ್ ನೀರು ಬಿದ್ದಿತ್ತು. ಯಾರೂ ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಅಂದಿನಿಂದ ನೀರನ್ನು ಅಳೆಯದೆ ಕಾನ್ಸಂಟ್ರೇಟ್ ಕ್ಯಾನಿನ ಮುಚ್ಚಳ ತೆಗೆದಿಲ್ಲ. ಸಣ್ಣ ಪ್ರೆಸ್ ನಡೆಸುವವರು, ಯಂತ್ರದ ಮೇಲೆ ನಿಲ್ಲುವ ಆಪರೇಟರುಗಳು, ಈಗಷ್ಟೇ ಕಲಿಯುತ್ತಿರುವ ಹುಡುಗರು ಇದೇ ತಪ್ಪಿಗೆ ಕಾಗದ, ಶಾಯಿ, ನಿದ್ದೆ ಕಳೆದುಕೊಳ್ಳಬಾರದೆಂದು ಈ ಲೇಖನ ಬರೆಯುತ್ತಿದ್ದೇನೆ. ಇಲ್ಲಿ ಹೇಳುವುದು ಬಿಡಿ ಹಾಳೆ ಎಳೆದು ಮುದ್ರಿಸುವ ಶೀಟ್‌ಫೆಡ್ ಯಂತ್ರಗಳ ಬಗ್ಗೆ. ಸುರುಳಿ ಕಾಗದದಲ್ಲಿ ಓಡುವ ದಿನಪತ್ರಿಕೆಯ ವೆಬ್ ಯಂತ್ರಗಳಲ್ಲಿ ನ್ಯೂಟ್ರಲ್ ಅಥವಾ ಕ್ಷಾರೀಯ ಫೌಂಟನ್ ಬಳಸುವುದೂ ಉಂಟು. ಅಲ್ಲಿಗೆ ಈ ಅಂಕಿಗಳು ಹೊಂದುವುದಿಲ್ಲ.

ಟ್ರೇಯಲ್ಲಿರುವ ನೀರು ಮಾಡುವ ಕೆಲಸ

ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ ಎಂಬುದರ ಮೇಲೆಯೇ ಈ ಇಡೀ ಮುದ್ರಣ ನಿಂತಿದೆ. 1790ರ ದಶಕದ ಕೊನೆಯಲ್ಲಿ ಜರ್ಮನಿಯ ಅಲೋಯಿಸ್ ಸೆನೆಫೆಲ್ಡರ್ ಕಲ್ಲಿನ ಮೇಲೆ ಮಾಡಿ ತೋರಿಸಿದ್ದು ಇದನ್ನೇ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1841ರಲ್ಲಿ ಶುರುಮಾಡಿದ್ದೂ ಕಲ್ಲಚ್ಚಿನ ಮುದ್ರಣ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಬಂದದ್ದು ಅದೇ ಕಲ್ಲಚ್ಚಿನಿಂದ. ಕಲ್ಲಿನ ಜಾಗಕ್ಕೆ ಇಂದು ಅಲ್ಯೂಮಿನಿಯಂ ಪ್ಲೇಟ್ ಬಂದಿದೆ. ಕಲ್ಲಿಗೆ ಹಚ್ಚುತ್ತಿದ್ದ ಗೋಂದು ಮಾತ್ರ ಇವತ್ತಿಗೂ ನಮ್ಮ ಕ್ಯಾನಿನೊಳಗೆ ಇದೆ.

ಪ್ಲೇಟಿನ ಚಿತ್ರವಿಲ್ಲದ ಭಾಗಕ್ಕೆ ನೀರಿನ ತೆಳು ಪೊರೆ ಹಿಡಿದಿರಬೇಕು. ಆಗ ಶಾಯಿ ಅಲ್ಲಿ ಕೂರುವುದಿಲ್ಲ. ಬರೀ ನೀರಿನಿಂದ ಆ ಪೊರೆ ನಿಲ್ಲದು. ಅದಕ್ಕಾಗಿ ಕಾನ್ಸಂಟ್ರೇಟಿನಲ್ಲಿ ಹಲವು ವಸ್ತುಗಳು ಸೇರಿರುತ್ತವೆ. ಅರೇಬಿಕ್ ಗೋಂದು ಅಥವಾ ಅದರ ಬದಲಿ ವಸ್ತು ಅಲ್ಯೂಮಿನಿಯಂಗೆ ಅಂಟಿ ನೀರನ್ನು ಹಿಡಿದುಕೊಳ್ಳುತ್ತದೆ. ಫಾಸ್ಫಾರಿಕ್ ಅಥವಾ ಸಿಟ್ರಿಕ್ ಆಮ್ಲ ಪಿಎಚ್ ಇಳಿಸುತ್ತದೆ. ಹುಳಿ ಇರುವಾಗ ಮಾತ್ರ ಗೋಂದು ಪ್ಲೇಟಿಗೆ ಗಟ್ಟಿಯಾಗಿ ಹಿಡಿಯುತ್ತದೆ, ಪಿಎಚ್ ಏರಿದರೆ ಸಡಿಲಾಗುತ್ತದೆ. ಬಫರ್ ಲವಣಗಳು ಪಿಎಚ್ ಅತ್ತಿತ್ತ ಜಾರದಂತೆ ಹಿಡಿದಿಡುತ್ತವೆ. ನೀರು ಹನಿಗಟ್ಟದೆ ಹರಡಿಕೊಳ್ಳಲು ಒಂದು ವಸ್ತು, ಪಾಚಿ ಬೂಷ್ಟು ಬೆಳೆಯದಿರಲು ಇನ್ನೊಂದು, ಸಿಲಿಂಡರ್ ತುಕ್ಕು ಹಿಡಿಯದಿರಲು ಮತ್ತೊಂದು.

ಬಫರ್ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು, ಏಕೆಂದರೆ ಅಂದು ರಾತ್ರಿ ನಾನು ಮೋಸಹೋದದ್ದು ಇಲ್ಲೇ. ಬಫರ್ ಇರುವುದರಿಂದ ಪಿಎಚ್ ಒಂದು ಮಟ್ಟಕ್ಕೆ ಇಳಿದ ಮೇಲೆ ನೀವು ಇಮ್ಮಡಿ ಕಾನ್ಸಂಟ್ರೇಟ್ ಸುರಿದರೂ ಅದು ಹೆಚ್ಚೇನೂ ಕದಲುವುದಿಲ್ಲ. ಪಟ್ಟಿ ಐದು ಅನ್ನುತ್ತಲೇ ಇರುತ್ತದೆ. ಕಂಡಕ್ಟಿವಿಟಿ ಹಾಗಲ್ಲ, ಹಾಕಿದಷ್ಟೂ ನೇರವಾಗಿ ಏರುತ್ತದೆ. ಆದ್ದರಿಂದ ಎಷ್ಟು ಹಾಕಿದ್ದೀರಿ ಎಂದು ತಿಳಿಯಲು ಕಂಡಕ್ಟಿವಿಟಿ ನೋಡಿ. ಪ್ಲೇಟಿಗೆ ಬೇಕಾದ ಹುಳಿ ಇದೆಯೇ ಎಂದು ತಿಳಿಯಲು ಪಿಎಚ್ ನೋಡಿ. ಎರಡೂ ಬೇಕು.

ಮೊದಲು ಉಪಕರಣ

ಪಿಎಚ್ ಮೀಟರ್, ಕಂಡಕ್ಟಿವಿಟಿ ಮೀಟರ್, ಥರ್ಮಾಮೀಟರ್, ನೀರಿನ ಗಡಸುತನ ನೋಡುವ ಹನಿ ಕಿಟ್, ಒಂದು ಲೀಟರಿನ ಅಳತೆ ಜಾಡಿ. ನೀರು ಪ್ಲೇಟಿನ ಮೇಲೆ ತೆಳುವಾಗಿ ಹರಡಲೆಂದು ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೊಹಾಲ್, ಬಳಸುವವರಾದರೆ ಅದಕ್ಕೊಂದು ಹೈಡ್ರೊಮೀಟರ್. ಪೆನ್ನಿನಂತಿರುವ ಮೀಟರುಗಳೇ ಸಾಕು. ಒಂದು ಕೆಲಸ ಕೆಟ್ಟರೆ ಹೋಗುವ ಕಾಗದದ ಬೆಲೆಯ ಮುಂದೆ ಇವುಗಳ ಖರ್ಚು ಏನೂ ಅಲ್ಲ.

ಪಿಎಚ್ ಪಟ್ಟಿಯನ್ನು ನೆಚ್ಚಿಕೊಳ್ಳಬೇಡಿ. ಓಡಿದ ಟ್ರೇ ನೀರಿನಲ್ಲಿ ಶಾಯಿಯ ಬಣ್ಣ ಸೇರಿರುತ್ತದೆ, ಪಟ್ಟಿಯ ಬಣ್ಣ ಅದರೊಂದಿಗೆ ಕಲೆಯುತ್ತದೆ. ಪಿಎಚ್ ಅಳತೆಯಲ್ಲಿ ಒಂದಂಕಿ ವ್ಯತ್ಯಾಸವೆಂದರೆ ಆಮ್ಲೀಯತೆಯಲ್ಲಿ ಹತ್ತು ಪಟ್ಟು. ಕಣ್ಣಂದಾಜಿಗೆ ಬಿಡುವ ಅಳತೆ ಇದಲ್ಲ.

ಮೀಟರನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಪಿಎಚ್ ಮೀಟರನ್ನು ವಾರಕ್ಕೊಮ್ಮೆಯಾದರೂ 7.00 ಮತ್ತು 4.01ರ ಬಫರ್ ದ್ರಾವಣಗಳಲ್ಲಿ ಅದ್ದಿ ಸರಿಪಡಿಸಿಕೊಳ್ಳಿ. ಕಂಡಕ್ಟಿವಿಟಿ ಮೀಟರಿಗೆ 25 ಡಿಗ್ರಿಯಲ್ಲಿ 1413 ಮೈಕ್ರೋಸೀಮೆನ್ಸ್ ತೋರಿಸುವ ದ್ರಾವಣ ಸಿಗುತ್ತದೆ. ಪಿಎಚ್ ಮೀಟರಿನ ತುದಿಯಲ್ಲಿರುವ ಗಾಜಿನ ಬುರುಡೆ ಒಣಗಬಾರದು, ಅದಕ್ಕೆ ಶಾಯಿ ಹತ್ತಬಾರದು. ಬಳಸಿದ ಮೇಲೆ ತೊಳೆದು, ಮುಚ್ಚಳದೊಳಗೆ ಅದರ ಸಂರಕ್ಷಣಾ ದ್ರಾವಣದ ಎರಡು ಹನಿ ಹಾಕಿಡಿ. ಇನ್ನೊಂದು ವಿಷಯ, ನೀರು ಒಂದು ಡಿಗ್ರಿ ಬಿಸಿಯಾದರೆ ಕಂಡಕ್ಟಿವಿಟಿ ಸುಮಾರು ಶೇ. 2ರಷ್ಟು ಏರುತ್ತದೆ. ತಾಪಮಾನವನ್ನು ತಾನೇ ಸರಿದೂಗಿಸಿಕೊಳ್ಳುವ ಮೀಟರ್ ಕೊಳ್ಳಿ. ಇಲ್ಲವಾದರೆ ಪ್ರತಿದಿನವೂ ಒಂದೇ ತಾಪಮಾನದಲ್ಲಿ ಅಳೆಯಿರಿ.

ನೀರನ್ನು ಅರಿಯಿರಿ

ಟ್ರೇಯಲ್ಲಿರುವುದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ. ನಲ್ಲಿ ಬಿಟ್ಟು ಒಂದೆರಡು ನಿಮಿಷ ಹರಿದುಹೋದ ಮೇಲೆ ಒಂದು ಲೀಟರ್ ಹಿಡಿದು ಮೂರು ಅಂಕಿ ಬರೆದುಕೊಳ್ಳಿ: ಕಂಡಕ್ಟಿವಿಟಿ, ಪಿಎಚ್, ಗಡಸುತನ. ನಮ್ಮಲ್ಲಿ ಕಾವೇರಿ ನೀರು ಬಂದ ದಿನ ಮೀಟರ್ 350ರ ಆಸುಪಾಸು ತೋರಿಸುತ್ತದೆ. ಅದೇ ಸಂಪ್ ತೊಟ್ಟಿಗೆ ಬೋರ್ ನೀರು ಬಿಟ್ಟ ದಿನ 1400. ಎರಡೂ ಬೆರೆತ ದಿನ ಇವೆರಡರ ನಡುವೆ ಎಲ್ಲಿ ಬೇಕಾದರೂ ನಿಲ್ಲಬಹುದು. ನಲ್ಲಿ ಒಂದೇ, ನೀರು ಮಾತ್ರ ದಿನಕ್ಕೊಂದು. ನಿಮ್ಮ ಊರಿನಲ್ಲಿ ಹೊಳೆ ನೀರೂ ಬೋರ್ ನೀರೂ ಸರದಿಯ ಮೇಲೆ ಬರುವುದಾದರೆ ನಿಮ್ಮ ಕಥೆಯೂ ಇದೇ.

ಗಡಸುತನಕ್ಕೆ ಮುದ್ರಣದವರು ಜರ್ಮನ್ ಡಿಗ್ರಿಯ ಲೆಕ್ಕ ಹಿಡಿಯುತ್ತಾರೆ. ಒಂದು ಜರ್ಮನ್ ಡಿಗ್ರಿ ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಸುಮಾರು 17.8 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಅಷ್ಟು ಪಾಲು). ಫೌಂಟನ್ ನೀರಿಗೆ 8ರಿಂದ 12 ಡಿಗ್ರಿ, ಅಂದರೆ ಸರಿಸುಮಾರು 140ರಿಂದ 215 ಪಿಪಿಎಂ, ಹದವಾದದ್ದು. ಕುಡಿಯುವ ನೀರಿನ ಭಾರತೀಯ ಮಾನದಂಡ 200 ಪಿಪಿಎಂ ತನಕ ಸರಿ ಎನ್ನುತ್ತದೆ, ಬೇರೆ ನೀರು ಇಲ್ಲದಿದ್ದರೆ 600ರವರೆಗೂ ಒಪ್ಪುತ್ತದೆ. ಕುಡಿಯಲು ನಡೆಯುವ ನೀರು ಪ್ಲೇಟಿಗೂ ನಡೆಯುತ್ತದೆ ಎಂದುಕೊಂಡರೆ ಪೆಟ್ಟು ಬೀಳುವುದು ಇಲ್ಲೇ.

ಗಡಸು ನೀರಿನ ಕಾಟ ಎರಡು ಬಗೆಯದು. ಅದರಲ್ಲಿರುವ ಬೈಕಾರ್ಬೊನೇಟ್ ನೀವು ಹಾಕಿದ ಆಮ್ಲವನ್ನು ನುಂಗಿಬಿಡುತ್ತದೆ. ಹಾಗಾಗಿ ಪಿಎಚ್ ಇಳಿಸಲು ಬೇಕಾದದ್ದಕ್ಕಿಂತ ಹೆಚ್ಚು ಕಾನ್ಸಂಟ್ರೇಟ್ ಸುರಿಯುತ್ತೀರಿ, ಅದರೊಟ್ಟಿಗೆ ಗೋಂದು, ಲವಣ, ನೀರನ್ನು ಹರಡಿಸುವ ಗ್ಲೈಕಾಲ್ ಎಲ್ಲವೂ ಅತಿಯಾಗುತ್ತದೆ. ಎರಡನೆಯದು ಕ್ಯಾಲ್ಸಿಯಂ. ಅದು ಸಿಟ್ರಿಕ್ ಆಮ್ಲದ ಜೊತೆ ಸೇರಿ ಬಿಳಿ ಪುಡಿಯಾಗಿ ಇಂಕ್ ರೋಲರ್ ಮತ್ತು ಬ್ಲಾಂಕೆಟ್ (ಪ್ಲೇಟಿನ ಚಿತ್ರವನ್ನು ಕಾಗದಕ್ಕೆ ದಾಟಿಸುವ ರಬ್ಬರ್ ಹಾಳೆ) ಮೇಲೆ ಕೂರುತ್ತದೆ. ಸ್ನಾನದ ಮನೆಯ ಬಕೆಟ್ಟಿಗೆ ಕಟ್ಟುವ ಬಿಳಿ ಪೊರೆ ನೋಡಿದ್ದೀರಲ್ಲ, ಅದರ ನಂಟರು. ಪೊರೆ ಹಿಡಿದ ರಬ್ಬರ್ ಶಾಯಿ ಬಿಟ್ಟು ನೀರನ್ನು ಹಿಡಿಯುತ್ತದೆ, ರೋಲರ್ ಮೇಲೆ ಬೋಳು ಪಟ್ಟೆಗಳು ಏಳುತ್ತವೆ.

ಬೋರ್ ನೀರಿನಲ್ಲಿ ಕ್ಲೋರೈಡ್ ಹೆಚ್ಚಿದ್ದರೆ ಅಲ್ಯೂಮಿನಿಯಂ ಪ್ಲೇಟನ್ನೇ ಕೊರೆಯುತ್ತದೆ. ಮೆಣಸಿನ ಪುಡಿ ಚೆಲ್ಲಿದಂತೆ ಸಣ್ಣ ಸಣ್ಣ ಚುಕ್ಕಿಗಳು ಬಿಳಿ ಜಾಗದಲ್ಲಿ ಏಳುತ್ತವೆ. ಒರೆಸಿದರೂ ಹೋಗುವುದಿಲ್ಲ. ಪ್ಲೇಟನ್ನೇ ಬದಲಿಸಬೇಕು.

ಹಾಗಾದರೆ ಏನು ಮಾಡುವುದು? ಮನೆಗಳಿಗೆ ಹಾಕಿಸುವ ಸಾಫ್ಟ್‌ನರ್ ಇದಕ್ಕೆ ಮದ್ದಲ್ಲ. ಅದು ಕ್ಯಾಲ್ಸಿಯಂ ತೆಗೆದು ಆ ಜಾಗದಲ್ಲಿ ಸೋಡಿಯಂ ಕೂರಿಸುತ್ತದೆ. ಬೈಕಾರ್ಬೊನೇಟ್, ಕ್ಲೋರೈಡ್ ಎರಡೂ ಇದ್ದಲ್ಲೇ ಇರುತ್ತವೆ, ಕಂಡಕ್ಟಿವಿಟಿಯೂ ಇಳಿಯುವುದಿಲ್ಲ. ಆರ್‌ಓ ಯಂತ್ರವೇ ಸರಿಯಾದ ದಾರಿ. ದಿನವೆಲ್ಲ ನೀರು ಬದಲಾಗುವ ಊರಿನಲ್ಲಿ ಆರ್‌ಓ ಇಲ್ಲದೆ ಒಂದೇ ಹದ ಕಾಯುವುದು ಬಹಳ ಕಷ್ಟ ಎಂಬುದು ನನ್ನ ಅನುಭವ. ಯಂತ್ರಕ್ಕೆ ಇನ್ನೇನಾದರೂ ಕೊಳ್ಳುವ ಮುಂಚೆ ಇದನ್ನು ಕೊಳ್ಳಿ.

ಆರ್‌ಓ ನೀರಿನಲ್ಲಿ ಲವಣ ಹೆಚ್ಚೇನೂ ಇರುವುದಿಲ್ಲವಾದ್ದರಿಂದ ಗಡಸು ನೀರಿಗೆಂದು ಮಾಡಿದ ಕಾನ್ಸಂಟ್ರೇಟ್ ಅದಕ್ಕೆ ಒಗ್ಗುವುದಿಲ್ಲ, ನೊರೆಯೂ ಹೆಚ್ಚು. ಆರ್‌ಓ ನೀರಿಗೆಂದೇ ಮಾಡಿದ ಕಾನ್ಸಂಟ್ರೇಟ್ ಕೇಳಿ ತನ್ನಿ. ಸಿಗದಿದ್ದರೆ ಸ್ವಲ್ಪ ಗಡಸು ನೀರು ಬೆರೆಸಿ ಹದಕ್ಕೆ ತರಬಹುದು. ಲೆಕ್ಕ ಸುಲಭ. ಬೋರ್ ನೀರು 500 ಪಿಪಿಎಂ, ಆರ್‌ಓ ನೀರು 10 ಪಿಪಿಎಂ, ನಿಮಗೆ ಬೇಕಾದದ್ದು 150 ಎಂದುಕೊಳ್ಳಿ. 150ರಲ್ಲಿ 10 ಕಳೆದರೆ 140. 500ರಲ್ಲಿ 10 ಕಳೆದರೆ 490. 140ನ್ನು 490ರಿಂದ ಭಾಗಿಸಿದರೆ ಸುಮಾರು 0.29. ಅಂದರೆ 100 ಲೀಟರಿಗೆ 29 ಲೀಟರ್ ಬೋರ್ ನೀರು, 71 ಲೀಟರ್ ಆರ್‌ಓ ನೀರು. ಕ್ಲೋರೈಡ್ ಹೆಚ್ಚಿರುವ ಬೋರ್ ಆದರೆ ಈ ಬೆರಕೆಯ ಗೊಡವೆಗೆ ಹೋಗಬೇಡಿ.

ನಿಮ್ಮದೇ ಕೋಷ್ಟಕ ಮಾಡಿಕೊಳ್ಳಿ

ಈ ಲೇಖನದಲ್ಲಿ ಒಂದನ್ನೇ ಮಾಡುವುದಾದರೆ ಇದನ್ನು ಮಾಡಿ. ಅರ್ಧ ಗಂಟೆಯ ಕೆಲಸ, ಯಂತ್ರ ನಿಂತಿರುವ ಭಾನುವಾರ ಸಾಕು.

ತೊಳೆದ ಬಕೆಟ್ಟಿನಲ್ಲಿ ಸರಿಯಾಗಿ 10 ಲೀಟರ್ ನೀರು ತೆಗೆದುಕೊಳ್ಳಿ. ಮುಂದೆ ಯಂತ್ರಕ್ಕೆ ಬಳಸುವ ನೀರೇ ಆಗಿರಬೇಕು. ಕಂಡಕ್ಟಿವಿಟಿ, ಪಿಎಚ್ ಬರೆದುಕೊಳ್ಳಿ. 50 ಮಿಲಿಲೀಟರ್ ಕಾನ್ಸಂಟ್ರೇಟ್ ಹಾಕಿ, ಅಂದರೆ ಶೇ. 0.5. ಚೆನ್ನಾಗಿ ತಿರುವಿ, ಒಂದು ನಿಮಿಷ ಬಿಟ್ಟು, ಎರಡೂ ಅಂಕಿ ಬರೆಯಿರಿ. ಮತ್ತೆ 50. ಮತ್ತೆ ಅಳತೆ. ಹೀಗೆ ಶೇ. 4ರ ತನಕ ಹೋಗಿ. ನಮ್ಮ ಗೋಡೆಯ ಮೇಲಿರುವ ಕೋಷ್ಟಕ ಹೀಗಿದೆ:

ಬರೀ ನೀರು: ಕಂಡಕ್ಟಿವಿಟಿ 350, ಪಿಎಚ್ 7.4
ಶೇ. 0.5: 525, ಪಿಎಚ್ 5.9
ಶೇ. 1: 700, ಪಿಎಚ್ 5.3
ಶೇ. 2: 1050, ಪಿಎಚ್ 5.0
ಶೇ. 3: 1400, ಪಿಎಚ್ 4.9
ಶೇ. 4: 1750, ಪಿಎಚ್ 4.8

ಅಂಕಿಗಳನ್ನು ಮೇಲಿಂದ ಕೆಳಗೆ ಓದಿಕೊಂಡು ಬನ್ನಿ. ಶೇ. 2ರಿಂದ 4ಕ್ಕೆ ಹೋದಾಗ ಕಾನ್ಸಂಟ್ರೇಟ್ ಇಮ್ಮಡಿಯಾಗಿದೆ, ಪಿಎಚ್ ಇಳಿದದ್ದು ಕೇವಲ 0.2. ಪಟ್ಟಿಯಲ್ಲಿ ಅದು ಕಾಣುವುದೇ ಇಲ್ಲ. ಕಂಡಕ್ಟಿವಿಟಿ ಮಾತ್ರ ಪ್ರತಿ ಶೇ. 1ಕ್ಕೆ 350ರಂತೆ ಏರಿದೆ. ಕ್ಯಾನಿನ ಮೇಲೆ ಶೇ. 2ರಿಂದ 3 ಎಂದು ಬರೆದಿದ್ದರೆ ನಮ್ಮ ಗುರಿ 1050ರಿಂದ 1400. ಶೀಟ್‌ಫೆಡ್ ಯಂತ್ರದ ಪಿಎಚ್ ಸಾಮಾನ್ಯವಾಗಿ 4.8ರಿಂದ 5.3ರ ಒಳಗೆ ಇರಬೇಕು, ಅದೂ ಕೂಡಿಬಂದಿದೆ.

ನಿಮ್ಮ ಅಂಕಿಗಳು ಬೇರೆಯೇ ಇರುತ್ತವೆ. ಕಂಪನಿ ಬದಲಾದರೆ, ನೀರು ಬದಲಾದರೆ ಕೋಷ್ಟಕವನ್ನು ಮತ್ತೆ ಮಾಡಬೇಕು. “ಪಕ್ಕದ ಪ್ರೆಸ್ಸಿನವರು 1200ಕ್ಕೆ ಇಡ್ತಾರಂತೆ” ಎಂದು ನೀವೂ 1200ಕ್ಕೆ ಇಟ್ಟರೆ ಅರ್ಥವಿಲ್ಲ. ಅವರ ನೀರೇ 800 ಇದ್ದಿರಬಹುದು. ಲೆಕ್ಕಕ್ಕೆ ಬರುವುದು ಬರೀ ನೀರಿನ ಅಂಕಿಯ ಮೇಲೆ ಕಾನ್ಸಂಟ್ರೇಟ್ ಸೇರಿಸಿದ ಏರಿಕೆ.

ಇದೇ ಕಾನ್ಸಂಟ್ರೇಟನ್ನು 1400ರ ಬೋರ್ ನೀರಿಗೆ ಹಾಕಿ ನೋಡಿದ್ದೇನೆ. ಶೇ. 2ಕ್ಕೂ ಪಿಎಚ್ 5.8ರಲ್ಲೇ ನಿಂತಿತ್ತು. ಐದಕ್ಕೆ ಇಳಿಯುವಷ್ಟರಲ್ಲಿ ಶೇ. 4 ಸುರಿದಾಗಿತ್ತು, ಕಂಡಕ್ಟಿವಿಟಿ 2800ರ ಹತ್ತಿರ. ಮದುವೆ ಕಾರ್ಡಿನ ಆ ರಾತ್ರಿ ಟ್ರೇಯಲ್ಲಿ ಏನು ನಡೆದಿತ್ತು ಎಂದು ನನಗೆ ಪೂರ್ತಿ ಅರ್ಥವಾದದ್ದು ಈ ಬಕೆಟ್ಟಿನ ಮುಂದೆ ಕೂತಾಗ.

ಪಿಎಚ್ ಇಳಿಸಲು ವಿನಿಗರ್, ನಿಂಬೆಹುಳಿ ಪುಡಿ, ಬಿಡಿ ಫಾಸ್ಫಾರಿಕ್ ಆಮ್ಲ ಹಾಕುವ ಹಳೆಯ ರೂಢಿ ಕೆಲವು ಕಡೆ ಈಗಲೂ ಇದೆ. ದಯವಿಟ್ಟು ಬಿಟ್ಟುಬಿಡಿ. ಬಫರಿನ ಲೆಕ್ಕ ಕೆಡುತ್ತದೆ, ಮುಂದೆ ಮೀಟರ್ ತೋರಿಸುವ ಅಂಕಿಗೆ ಯಾವ ಅರ್ಥವೂ ಉಳಿಯುವುದಿಲ್ಲ. ಎರಡು ಕಂಪನಿಗಳ ಕಾನ್ಸಂಟ್ರೇಟ್ ಬೆರೆಸುವುದೂ ಬೇಡ.

ಬೆರೆಸುವ ಕ್ರಮ

ಮೊದಲು ನೀರು. ಆಮೇಲೆ ಕಾನ್ಸಂಟ್ರೇಟ್. ಪೂರ್ತಿ ಕಲಸಿದ ಮೇಲೆ, ಕೊನೆಗೆ ಐಪಿಎ. ಇದನ್ನು ತಿರುವುಮುರುವು ಮಾಡಬೇಡಿ. ಕಾನ್ಸಂಟ್ರೇಟ್ ಮೇಲೆ ನೇರವಾಗಿ ಐಪಿಎ ಬಿದ್ದರೆ ಗೋಂದು ಒಡೆದು ಬಿಳಿ ಎಳೆಗಳಾಗಿ ತಳಕ್ಕೆ ಕೂರುತ್ತದೆ. ಒಮ್ಮೆ ಗಾಜಿನ ಲೋಟದಲ್ಲಿ ಒಂದು ಚಮಚ ಕಾನ್ಸಂಟ್ರೇಟಿಗೆ ಐಪಿಎ ಹನಿಸಿ ಹೊಸ ಹುಡುಗರಿಗೆ ತೋರಿಸಿ. ಹಾಲು ಒಡೆದಂತೆ ಕಾಣುತ್ತದೆ. ಆ ಎಳೆಗಳು ಮುಂದೆ ಫಿಲ್ಟರನ್ನೂ ಪೈಪನ್ನೂ ಕಟ್ಟಿಸುತ್ತವೆ, ಗೋಂದು ಪ್ಲೇಟಿಗೆ ತಲುಪುವುದೇ ಇಲ್ಲ.

ಐಪಿಎ ಹಾಕಿದ ಮೇಲೆ ಕಂಡಕ್ಟಿವಿಟಿ ಇಳಿಯುತ್ತದೆ. 1050 ಇದ್ದದ್ದು ಶೇ. 8 ಐಪಿಎ ಸೇರಿದಾಗ ನಮ್ಮಲ್ಲಿ 850ಕ್ಕೆ ಬರುತ್ತದೆ. ಇದನ್ನು ಕಂಡು ಕಾನ್ಸಂಟ್ರೇಟ್ ಕಡಿಮೆಯಾಯಿತೆಂದು ಮತ್ತೆ ಸುರಿಯುವವರನ್ನು ನೋಡಿದ್ದೇನೆ. ಐಪಿಎ ಹಾಕುವ ಮುಂಚಿನ ಅಂಕಿ, ಹಾಕಿದ ನಂತರದ ಅಂಕಿ, ಎರಡನ್ನೂ ಪುಸ್ತಕದಲ್ಲಿ ಬೇರೆ ಬೇರೆ ಬರೆಯಿರಿ.

ಐಪಿಎ ಎಷ್ಟು? ಆಲ್ಕೊಹಾಲ್ ಡ್ಯಾಂಪಿಂಗ್ (ಪ್ಲೇಟಿಗೆ ಐಪಿಎ ಬೆರೆತ ನೀರು ಹಚ್ಚುವ ವ್ಯವಸ್ಥೆ) ಇರುವ ಯಂತ್ರಗಳಲ್ಲಿ ಶೇ. 8ರಿಂದ 12 ವಾಡಿಕೆ. ನನ್ನ ಅಭಿಪ್ರಾಯದಲ್ಲಿ 8 ಸಾಕು, ಅದಕ್ಕಿಂತ ಕಡಿಮೆಯಲ್ಲಿ ನಡೆದರೆ ಇನ್ನೂ ಒಳ್ಳೆಯದು. 15 ದಾಟಿದರೆ ಶಾಯಿಯೇ ತೆಳುವಾಗಿ ಬಣ್ಣ ಸೊರಗುತ್ತದೆ. ಹೆಚ್ಚು ಐಪಿಎ ಬೇಡುವ ಯಂತ್ರದಲ್ಲಿ ಬಹುಪಾಲು ತಪ್ಪು ರೋಲರಿನದು. ಡ್ಯಾಂಪಿಂಗ್ ರಬ್ಬರ್ ಹಳತಾಗಿ ಗಟ್ಟಿಯಾದರೆ ಅದು ನೀರನ್ನು ಸಮನಾಗಿ ಒಯ್ಯುವುದಿಲ್ಲ, ಆ ಕೊರತೆಯನ್ನು ನಾವು ಐಪಿಎ ಸುರಿದು ಮುಚ್ಚುತ್ತೇವೆ. ರೋಲರ್ ಬದಲಿಸಿ, ಒತ್ತಡ ಸರಿಮಾಡಿ, ಆಮೇಲೆ ಐಪಿಎ ಇಳಿಸುತ್ತಾ ಬನ್ನಿ. ಬಟ್ಟೆ ಸುತ್ತಿದ ಡ್ಯಾಂಪಿಂಗ್ ರೋಲರಿನ ಹಳೆಯ ಯಂತ್ರಗಳಿಗೆ ಐಪಿಎ ಬೇಕಾಗಿಯೇ ಇಲ್ಲ.

ಐಪಿಎಯ ಫ್ಲಾಶ್ ಪಾಯಿಂಟ್ 12 ಡಿಗ್ರಿ ಸೆಲ್ಸಿಯಸ್. ಅಂದರೆ ನಮ್ಮ ಊರುಗಳಲ್ಲಿ ವರ್ಷದ ಯಾವ ದಿನವಾದರೂ ಅದರ ಆವಿ ಒಂದು ಕಿಡಿಗೆ ಹೊತ್ತಿಕೊಳ್ಳಬಲ್ಲದು. ಆ ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ಕೂರುತ್ತದೆ. ಹಾಗಾಗಿ ಮೇಲಿನ ಕಿಟಕಿ ತೆರೆದಿದ್ದರೆ ಸಾಲದು, ಕೆಳಗಿನಿಂದ ಗಾಳಿ ಎಳೆಯುವ ಎಕ್ಸಾಸ್ಟ್ ಬೇಕು. ಡ್ರಮ್ ಇಟ್ಟಿರುವ ಜಾಗದಲ್ಲಿ ಸ್ವಿಚ್ ಬೋರ್ಡ್, ಟೀ ಸ್ಟೌವ್, ದೇವರ ದೀಪ ಯಾವುದೂ ಇರಬಾರದು. ಆಯುಧಪೂಜೆಯ ದಿನ ಯಂತ್ರದ ಮುಂದೆ ಕರ್ಪೂರ ಹಚ್ಚುವ ಮುಂಚೆ ಐಪಿಎ ಕ್ಯಾನುಗಳನ್ನು ಹೊರಗೆ ಸಾಗಿಸಿ, ಟ್ರೇ ಖಾಲಿ ಮಾಡಿಸಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಬೆರೆಸುವಾಗ ಕೈಗವಸು, ಕನ್ನಡಕ ಇರಲಿ. ಕಾನ್ಸಂಟ್ರೇಟ್ ಕಣ್ಣಿಗೆ ಹಾರಿದರೆ ಆಟವಲ್ಲ.

ಚಿಲ್ಲರ್ ಇದ್ದರೆ ಟ್ರೇಯ ನೀರನ್ನು 10ರಿಂದ 12 ಡಿಗ್ರಿಯಲ್ಲಿಡಿ. ಐಪಿಎ ಹಾರುವುದು ಕಡಿಮೆಯಾಗುತ್ತದೆ, ಇಂಕ್ ರೋಲರ್ ಕೂಡ ತಂಪಾಗಿರುತ್ತದೆ. ಕರಾವಳಿಯ ಮಳೆಗಾಲದಲ್ಲಿ ಅಷ್ಟು ತಣ್ಣಗಿಟ್ಟರೆ ಟ್ರೇಯ ಹೊರಮೈ ಬೆವರಿ ಶೀಟಿನ ಮೇಲೆ ಹನಿ ಬೀಳಬಹುದು, ಅಲ್ಲಿ ಎರಡು ಮೂರು ಡಿಗ್ರಿ ಏರಿಸಿಕೊಳ್ಳಿ.

ಯಂತ್ರದ ಮೇಲೆ ಹದ ಹಿಡಿಯುವುದು

ನೀರು ಎಷ್ಟು ಬಿಡಬೇಕು ಎಂಬುದನ್ನು ಯಾವ ಮೀಟರೂ ಹೇಳುವುದಿಲ್ಲ. ಅದನ್ನು ಶೀಟು ಹೇಳಬೇಕು. ಬಣ್ಣದ ಸಾಂದ್ರತೆ ಕೂತ ಮೇಲೆ ನೀರನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬನ್ನಿ, ಪ್ರತಿ ಸಲವೂ ಮೂವತ್ತು ನಲವತ್ತು ಶೀಟು ಓಡಲಿ. ಒಂದು ಹಂತದಲ್ಲಿ ಬಾಲದಂಚಿನಲ್ಲೋ ಸ್ಕ್ರೀನಿನ ದಟ್ಟ ಭಾಗದಲ್ಲೋ ಮಬ್ಬು ಶುರುವಾಗುತ್ತದೆ, ಚುಕ್ಕಿಗಳ ನಡುವಿನ ಬಿಳಿ ಮುಚ್ಚಿಕೊಳ್ಳುತ್ತದೆ. ಅಲ್ಲಿಂದ ನೀರಿನ ಕೀಲಿಯನ್ನು ಎರಡು ಮೂರು ಅಂಕಿ ಮೇಲೆ ನಿಲ್ಲಿಸಿ. ಅದೇ ನಿಮ್ಮ ಜಾಗ. ಈಗ ನೀರನ್ನು ಏರಿಸುತ್ತಾ ಹೋಗಿ, ಬಣ್ಣ ಸೊರಗುವ ಅಂಕಿಯನ್ನೂ ನೋಡಿಟ್ಟುಕೊಳ್ಳಿ. ಫೌಂಟನ್ ಹದವಾಗಿದ್ದರೆ ಇವೆರಡರ ನಡುವೆ ಅಂತರ ಅಗಲವಾಗಿರುತ್ತದೆ. ನೀರನ್ನು ಒಂದಂಕಿ ಇಳಿಸಿದರೆ ಮಬ್ಬು, ಒಂದಂಕಿ ಏರಿಸಿದರೆ ಸೊರಗು ಎಂಬ ಸ್ಥಿತಿ ಇದ್ದರೆ ಕೀಲಿ ತಿರುಗಿಸುವುದನ್ನು ಬಿಟ್ಟು ಮೀಟರ್ ತೆಗೆಯಿರಿ.

ಹೆಚ್ಚು ನೀರು ಬಿಟ್ಟು ಓಡಿಸುವುದು ಸುರಕ್ಷಿತ ಎಂಬ ನಂಬಿಕೆ ಬಹಳ ಆಪರೇಟರುಗಳಲ್ಲಿದೆ. ಮಬ್ಬು ಬಾರದು, ನಿಜ. ಆದರೆ ನೀರು ಶಾಯಿಯೊಳಗೆ ಬೆರೆತು ಒಣಗುವುದು ತಡವಾಗುತ್ತದೆ, ಕಾಗದ ಹಿಗ್ಗಿ ರಿಜಿಸ್ಟರ್, ಅಂದರೆ ಒಂದು ಬಣ್ಣದ ಮೇಲೆ ಇನ್ನೊಂದು ಸರಿಯಾಗಿ ಕೂರುವುದು, ತಪ್ಪುತ್ತದೆ.

ತೊಂದರೆ ಬಂದಾಗ

ಬಿಳಿ ಜಾಗದಲ್ಲಿ ಬಣ್ಣ ಕಂಡ ಕೂಡಲೇ ಯಂತ್ರ ನಿಲ್ಲಿಸಿ ಒಂದು ಪರೀಕ್ಷೆ ಮಾಡಿ. ಸ್ಪಂಜನ್ನು ಬರೀ ನೀರಿನಲ್ಲಿ ಅದ್ದಿ ಪ್ಲೇಟಿನ ಆ ಜಾಗವನ್ನು ಒರೆಸಿ. ಬಣ್ಣ ಸಲೀಸಾಗಿ ಹೋಗಿ, ಯಂತ್ರ ಶುರುಮಾಡಿದ ಮೇಲೆ ಮತ್ತೆ ಶೀಟಿನ ತುಂಬ ತೆಳುವಾಗಿ ಬಂದರೆ ಅದು ಟಿಂಟ್. ಶಾಯಿ ಒಡೆದು ನೀರಿನಲ್ಲಿ ಕರಗಿದಂತೆ ಸೇರಿಕೊಂಡಿದೆ. ಟ್ರೇ ನೀರಿಗೂ ಅದೇ ಬಣ್ಣ ಬಂದಿರುತ್ತದೆ. ಕಾನ್ಸಂಟ್ರೇಟ್ ಅತಿಯಾಗಿದೆಯೇ, ರೋಲರ್ ತೊಳೆಯುವ ವಾಷ್‌ನ ಸೋಪು ಟ್ರೇಗೆ ಸೇರಿದೆಯೇ, ಶಾಯಿ ತೀರಾ ಮೆತ್ತಗಿದೆಯೇ ನೋಡಿ. ಟ್ರೇ ಖಾಲಿ ಮಾಡಿ ಹೊಸದಾಗಿ ಬೆರೆಸುವುದೇ ಬೇಗ ಮುಗಿಯುವ ದಾರಿ. ಇನ್ನಷ್ಟು ಕಾನ್ಸಂಟ್ರೇಟ್ ಸುರಿದರೆ ಹೆಚ್ಚಾಗುತ್ತದೆ.

ಒರೆಸಿದರೂ ಹೋಗದೆ ಪ್ಲೇಟಿಗೆ ಅಂಟಿಕೊಂಡಿದ್ದರೆ ಅದು ಸ್ಕಮ್. ಅಲ್ಲಿ ಪ್ಲೇಟಿನ ಮೇಲಿನ ಗೋಂದಿನ ಪೊರೆ ಬಿಟ್ಟುಹೋಗಿದೆ. ಪಿಎಚ್ 5.5 ದಾಟಿದೆಯೇ ನೋಡಿ, ಕಾನ್ಸಂಟ್ರೇಟ್ ಕಡಿಮೆ ಬಿದ್ದಿದೆಯೇ ಎಂದು ಕಂಡಕ್ಟಿವಿಟಿ ನೋಡಿ. ಎರಡೂ ಸರಿಯಿದ್ದರೆ ರೋಲರ್ ಒತ್ತಡ, ಪ್ಲೇಟ್ ಡೆವಲಪ್ ಆದ ರೀತಿ, ಊಟಕ್ಕೆ ಹೋಗುವಾಗ ಪ್ಲೇಟಿಗೆ ಗಮ್ ಹಚ್ಚದೆ ಬಿಟ್ಟದ್ದು, ಇವುಗಳ ಕಡೆ ತಿರುಗಿ.

ಶಾಯಿ ಒಣಗದಿರುವುದಕ್ಕೆ ಪಿಎಚ್ 4.5ಕ್ಕಿಂತ ಕೆಳಗಿಳಿದಿರುವುದು ದೊಡ್ಡ ಕಾರಣ. ಶಾಯಿಯನ್ನು ಒಣಗಿಸುವ ಕೋಬಾಲ್ಟ್, ಮ್ಯಾಂಗನೀಸ್ ಡ್ರೈಯರುಗಳನ್ನು ಆಮ್ಲ ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಆಗ ಶಾಯಿಗೆ ಇನ್ನಷ್ಟು ಡ್ರೈಯರ್ ಬೆರೆಸುವುದು ಗಾಯದ ಮೇಲೆ ಬರೆ ಎಳೆದಂತೆ, ರೋಲರಿನ ಮೇಲೆಯೇ ಒಣಗಲು ಶುರುವಾಗುತ್ತದೆ. ಪಿಎಚ್ ತೀರಾ ಇಳಿದರೆ ಪ್ಲೇಟಿನ ಚಿತ್ರವೂ ಸವೆಯುತ್ತದೆ. ಚಿನ್ನ, ಬೆಳ್ಳಿ ಶಾಯಿಗಳು ಹುಳಿಗೆ ಕಪ್ಪಾಗುತ್ತವೆ. ಅವುಗಳನ್ನು ಓಡಿಸುವ ದಿನ ಶಾಯಿ ಕಂಪನಿಯವರು ಹೇಳುವ, ನ್ಯೂಟ್ರಲಿಗೆ ಹತ್ತಿರದ ಫೌಂಟನ್ ಬಳಸಿ.

ಇಂಕ್ ರೋಲರ್ ಮೇಲೆ ಬೋಳು ಪಟ್ಟೆ ಎದ್ದರೆ ಕ್ಯಾಲ್ಸಿಯಂ ಕೂತಿದೆ. ಸೀಮೆಎಣ್ಣೆಗಾಗಲಿ ಮಾಮೂಲಿ ವಾಷ್‌ಗಾಗಲಿ ಅದು ಜಗ್ಗುವುದಿಲ್ಲ, ಎಣ್ಣೆಯಲ್ಲಿ ಕರಗುವ ವಸ್ತುವೇ ಅಲ್ಲ. ಕ್ಯಾಲ್ಸಿಯಂ ತೆಗೆಯುವ ಕ್ಲೀನರ್ ಬೇರೆಯೇ ಸಿಗುತ್ತದೆ. ಮೊದಲು ಶಾಯಿ ತೆಗೆದು, ಆಮೇಲೆ ಅದನ್ನು ಹಾಕಿ ಕೆಲವು ನಿಮಿಷ ಓಡಿಸಿ, ಉಗುರುಬೆಚ್ಚಗಿನ ನೀರಿನಿಂದ ತೊಳೆಯಿರಿ. ಇದು ಬರೀ ನೀರಿನ ತಪ್ಪೂ ಆಗಿರಬೇಕಿಲ್ಲ. ಆರ್ಟ್ ಪೇಪರಿನ ಲೇಪದಲ್ಲಿ ಸೀಮೆಸುಣ್ಣದ ಜಾತಿಯ ಕ್ಯಾಲ್ಸಿಯಂ ಕಾರ್ಬೊನೇಟ್ ಇರುತ್ತದೆ, ಫೌಂಟನ್ ಆಮ್ಲ ಅದನ್ನು ಕರಗಿಸಿ ಟ್ರೇಗೆ ತರುತ್ತದೆ. ಬೆಳಿಗ್ಗೆ 5.0 ಇದ್ದ ಪಿಎಚ್ ಸಂಜೆಗೆ 5.4 ಆಗುವುದಕ್ಕೂ ಕಾರಣ ಅದೇ.

ದಿನದ, ವಾರದ ಕೆಲಸ

ಒಂದು ಇನ್ನೂರು ಪುಟದ ನೋಟ್‌ಬುಕ್ ಟ್ಯಾಂಕಿನ ಪಕ್ಕದಲ್ಲಿ ದಾರ ಕಟ್ಟಿ ನೇತುಹಾಕಿ. ಪ್ರತಿ ಪಾಳಿಯ ಶುರುವಿನಲ್ಲಿ ದಿನಾಂಕ, ಯಾವ ನೀರು, ನೀರಿನ ಕಂಡಕ್ಟಿವಿಟಿ, ಟ್ರೇಯ ಕಂಡಕ್ಟಿವಿಟಿ, ಪಿಎಚ್, ತಾಪಮಾನ, ಐಪಿಎ. ಬರೆಯಲು ಐದು ನಿಮಿಷ. ನಮ್ಮಲ್ಲಿ ಬರೆಯುವುದು ಹೆಲ್ಪರ್ ಹುಡುಗನ ಕೆಲಸ. ಮೊನ್ನೆ ಅವನೇ ಬಂದು, “ಅಣ್ಣಾ, ಇವತ್ತು ಬರೀ ನೀರೇ ಆರುನೂರು ಇದೆ, ಆರ್‌ಓ ಫಿಲ್ಟರ್ ಹೋಗಿರ್ಬೇಕು ನೋಡಿ” ಅಂದ. ಹೋಗಿತ್ತು.

ಓಡುತ್ತಾ ಓಡುತ್ತಾ ಟ್ರೇಯ ಕಂಡಕ್ಟಿವಿಟಿ ಏರುವುದು ಸಹಜ. ಕಾಗದದ ಧೂಳು, ಶಾಯಿ, ಶೀಟುಗಳು ಒಂದಕ್ಕೊಂದು ಅಂಟದಂತೆ ಊದುವ ಸ್ಪ್ರೇ ಪೌಡರ್ ಎಲ್ಲ ಅದರಲ್ಲಿ ಸೇರುತ್ತದೆ. ಹೀಗೆ ಏರಿದ ಅಂಕಿ ಕಾನ್ಸಂಟ್ರೇಟಿನ ಅಳತೆಯಲ್ಲ, ಕೊಳೆಯ ಅಳತೆ. ಬೆರೆಸಿದ ದಿನದ ಅಂಕಿಗಿಂತ ಅರ್ಧದಷ್ಟು ಹೆಚ್ಚಾದರೆ, ಉದಾಹರಣೆಗೆ 850 ಇದ್ದದ್ದು 1300ರ ಹತ್ತಿರ ಬಂದರೆ, ನಾವು ಪೂರ್ತಿ ಚೆಲ್ಲಿ ಹೊಸದು ಮಾಡುತ್ತೇವೆ. ಏರದಿದ್ದರೂ ವಾರಕ್ಕೊಮ್ಮೆ ಬದಲಿಸುವುದು ಕಡ್ಡಾಯ. ಚೆಲ್ಲುವುದೆಂದರೆ ಚರಂಡಿಗಲ್ಲ. ಅದರಲ್ಲಿ ಐಪಿಎ, ಶಾಯಿ, ಬೂಷ್ಟು ಕೊಲ್ಲುವ ರಾಸಾಯನಿಕ ಎಲ್ಲ ಇರುತ್ತದೆ. ಬಳಸಿದ ವಾಷ್ ಜೊತೆ ಮುಚ್ಚಳವಿರುವ ಡ್ರಮ್ಮಿನಲ್ಲಿ ತುಂಬಿಟ್ಟು, ಅಪಾಯಕಾರಿ ತ್ಯಾಜ್ಯ ಒಯ್ಯಲು ಪರವಾನಗಿ ಇರುವವರಿಗೇ ಕೊಡಿ.

ಖಾಲಿ ಮಾಡಿದ ಮೇಲೆ ಟ್ಯಾಂಕಿನ ಒಳಗೋಡೆಗೆ ಕೈಯಾಡಿಸಿ ನೋಡಿ. ಲೋಳೆ ಸಿಕ್ಕಿದರೆ ಬೂಷ್ಟು ಬೆಳೆದಿದೆ. ಬರೀ ನೀರಿನಿಂದ ತೊಳೆದರೆ ಪೈಪಿನೊಳಗಿನದು ಉಳಿದು ಎರಡೇ ದಿನದಲ್ಲಿ ಟ್ಯಾಂಕ್ ತುಂಬ ಹರಡುತ್ತದೆ. ಫೌಂಟನ್ ಸಿಸ್ಟಂ ಕ್ಲೀನರ್ ಹಾಕಿ, ಪಂಪ್ ಚಾಲೂ ಇಟ್ಟು, ಟ್ರೇ, ಪೈಪ್, ಚಿಲ್ಲರ್ ಎಲ್ಲದರೊಳಗೂ ಅರ್ಧ ಗಂಟೆ ಹರಿಯಬಿಡಿ. ಆಮೇಲೆ ಎರಡು ಸಲ ಬರೀ ನೀರು ಹರಿಸಿ. ಎರಡನೆಯ ಸಲದ ನೀರನ್ನು ಮೀಟರಿನಲ್ಲಿ ನೋಡಿ, ನಲ್ಲಿ ನೀರಿನ ಅಂಕಿಗೆ ಸಮನಾಗಿ ಬಂದಿರಬೇಕು. ಹೆಚ್ಚಿದ್ದರೆ ಕ್ಲೀನರ್ ಒಳಗೆ ಉಳಿದಿದೆ, ಮೂರನೆಯ ಸಲವೂ ಹರಿಸಿ. ಫಿಲ್ಟರ್ ಬಟ್ಟೆ ಬದಲಿಸಿ, ಹೊಸದಾಗಿ ಬೆರೆಸಿ, ಮೊದಲ ಶೀಟು ತೆಗೆಯುವ ಮುಂಚೆ ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ.